ಅಯಸ್ಕಾಂತದಿಂದ ಮನಸ್ಸಿಗೆ: ಸಮ್ಮೋಹನ ಚಿಕಿತ್ಸೆಯ ಇತಿಹಾಸ

ಮನಸ್ಸಿನ ಬೇನೆಯನ್ನು ಮಾತಿನ ಮೂಲಕ ಗುಣಪಡಿಸುವ ವೈದ್ಯಪದ್ಧತಿಗೆ ಇಂದು ಮನೋಚಿಕಿತ್ಸೆ ಎಂಬ ಹೆಸರಿದೆ. ವಿಶ್ವವಿದ್ಯಾಲಯದ ಪಠ್ಯದಲ್ಲೂ ಆಸ್ಪತ್ರೆಯ ವಿಭಾಗಗಳಲ್ಲೂ ಸ್ಥಾನ ಪಡೆದಿರುವ ಈ ಪದ್ಧತಿ ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಯುರೋಪಿನಲ್ಲಿ ರೂಪುಗೊಂಡಾಗ ಅದರ ತಾಯಿಬೇರು ಇದ್ದದ್ದು ಸಮ್ಮೋಹನದಲ್ಲಿ. ವ್ಯಕ್ತಿಯ ಗಮನವೆಲ್ಲ ಒಂದೇ ಕಡೆ ನೆಟ್ಟು, ಸುತ್ತಲಿನ ಅರಿವು ಹಿಂದೆ ಸರಿದು, ಹೇಳಿದ ಮಾತಿಗೆ ಮನಸ್ಸೂ ದೇಹವೂ ಎಂದಿಗಿಂತ ಸುಲಭವಾಗಿ ಸ್ಪಂದಿಸುವ ಸ್ಥಿತಿಯನ್ನು ಸಮ್ಮೋಹನ ಎನ್ನುತ್ತಾರೆ. ಹಾಗೆ ಹೇಳುವ ಮಾತಿಗೆ ಈ ಶಾಸ್ತ್ರದಲ್ಲಿ ಸೂಚನೆ ಎಂದು ಹೆಸರು. ಇದು ನಿದ್ದೆಯಲ್ಲ, ಎಚ್ಚರ ತಪ್ಪುವುದೂ ಅಲ್ಲ. ಆದರೂ ಕನ್ನಡನಾಡಿನ ಜನಮನದಲ್ಲಿ ಸಮ್ಮೋಹನವೆಂದರೆ ವಶೀಕರಣ, ಕಣ್ಕಟ್ಟು, ಮಂಕುಬೂದಿ ಎಂಬ ಭಾವನೆಯೇ ಗಟ್ಟಿಯಾಗಿದೆ: ಒಬ್ಬನಲ್ಲಿ ಅಸಾಮಾನ್ಯ ಶಕ್ತಿಯಿದೆ, ಇನ್ನೊಬ್ಬ ಅದಕ್ಕೆ ವಶನಾಗುತ್ತಾನೆ ಎಂಬುದು ಆ ಭಾವನೆಯ ತಿರುಳು. ಯುರೋಪಿನಲ್ಲಿಯೂ ಈ ವಿದ್ಯೆ ಆರಂಭವಾದದ್ದು ಇದೇ ನಂಬಿಕೆಯಿಂದ. ರೋಗಿಯನ್ನು ಗುಣಪಡಿಸುವ ಬಲ ಇರುವುದು ಎಲ್ಲಿ, ವಸ್ತುವಿನಲ್ಲೋ, ವೈದ್ಯನಲ್ಲೋ, ರೋಗಿಯಲ್ಲೋ ಎಂಬ ಒಂದು ಪ್ರಶ್ನೆಗೆ ಇನ್ನೂರೈವತ್ತು ವರ್ಷಗಳಲ್ಲಿ ದೊರೆತ ಬೇರೆ ಬೇರೆ ಉತ್ತರಗಳೇ ಸಮ್ಮೋಹನ ಚಿಕಿತ್ಸೆಯ ಇತಿಹಾಸವಾಗಿವೆ.

ಈ ಇತಿಹಾಸವನ್ನು ಸಾಮಾನ್ಯವಾಗಿ ಫ್ರಾನ್ಸ್ ಆಂಟನ್ ಮೆಸ್ಮರ್‌ನಿಂದ ಆರಂಭಿಸುವುದು ವಾಡಿಕೆ. 1734ರಲ್ಲಿ ಕಾನ್‌ಸ್ಟನ್ಸ್ ಸರೋವರದ ಬಳಿಯ ಹಳ್ಳಿಯೊಂದರಲ್ಲಿ ಹುಟ್ಟಿ, ವಿಯೆನ್ನಾದಲ್ಲಿ ವೈದ್ಯಶಾಸ್ತ್ರ ಓದಿ, ಗ್ರಹಗಳು ಮನುಷ್ಯದೇಹದ ಮೇಲೆ ಬೀರುವ ಪ್ರಭಾವವನ್ನು ಕುರಿತು 1766ರಲ್ಲಿ ಪ್ರಬಂಧ ಬರೆದ ಈ ವೈದ್ಯ, 1774ರಲ್ಲಿ ನರಗಳ ಬಾಧೆಯಿಂದ ಬಳಲುತ್ತಿದ್ದ ತರುಣಿಯೊಬ್ಬಳ ಮೈಮೇಲೆ ಅಯಸ್ಕಾಂತಗಳನ್ನಿಟ್ಟು ಚಿಕಿತ್ಸೆ ನೀಡಿದಾಗ ಆಕೆಗೆ ಉಪಶಮನ ದೊರೆಯಿತು. ಗುಣಪಡಿಸಿದ್ದು ಕಬ್ಬಿಣದ ತುಂಡಲ್ಲ, ತನ್ನ ದೇಹದಲ್ಲಿ ಸಂಚಯಗೊಂಡು ಅದರ ಮೂಲಕ ರೋಗಿಗೆ ಹರಿದ ಸೂಕ್ಷ್ಮ ದ್ರವ ಎಂದು ಮೆಸ್ಮರ್ ತೀರ್ಮಾನಿಸಿದ. ವಿಶ್ವವನ್ನೆಲ್ಲ ತುಂಬಿರುವ ಈ ಅಗೋಚರ ದ್ರವದ ಹರಿವು ದೇಹದಲ್ಲಿ ತಡೆಗೊಂಡರೆ ರೋಗ, ಸರಾಗಗೊಂಡರೆ ಆರೋಗ್ಯ ಎಂಬುದು ಅವನ ಸಿದ್ಧಾಂತವಾಯಿತು. ಅದನ್ನು ಅವನು ಜೀವಿಗಳ ಅಯಸ್ಕಾಂತ ಶಕ್ತಿ ಎಂದು ಕರೆದ. ಅದೇ ಕಾಲಕ್ಕೆ ಯೋಹಾನ್ ಯೋಸೆಫ್ ಗಾಸ್ನರ್ ಎಂಬ ಪಾದ್ರಿ ದೆವ್ವ ಬಿಡಿಸುವ ಮೂಲಕ ರೋಗ ಗುಣಪಡಿಸುತ್ತಿದ್ದಾನೆಂಬ ಸುದ್ದಿ ಹಬ್ಬಿದ್ದಾಗ, 1775ರಲ್ಲಿ ಮ್ಯೂನಿಕ್‌ಗೆ ಕರೆಸಿಕೊಳ್ಳಲ್ಪಟ್ಟ ಮೆಸ್ಮರ್, ಗಾಸ್ನರ್ ತೋರಿಸುವ ಪರಿಣಾಮಗಳನ್ನೆಲ್ಲ ದೆವ್ವದ ಮಾತೆತ್ತದೆಯೇ ತೋರಿಸಿ, ಆ ಪಾದ್ರಿ ತನಗರಿಯದೆಯೇ ಅಯಸ್ಕಾಂತ ಶಕ್ತಿಯನ್ನು ಬಳಸುತ್ತಿದ್ದಾನೆ ಎಂದು ಸಾರಿದ. ದೆವ್ವದ ಜಾಗಕ್ಕೆ ಪ್ರಕೃತಿಯ ನಿಯಮವೊಂದನ್ನು ತಂದು ಕೂರಿಸಿದ್ದು ಮೆಸ್ಮರ್‌ನ ಸಾಧನೆ. ಆ ನಿಯಮ ತಪ್ಪಾಗಿತ್ತೆಂಬುದು ಬೇರೆ ಮಾತು.

1778ರಲ್ಲಿ ಪ್ಯಾರಿಸ್‌ಗೆ ಬಂದ ಮೆಸ್ಮರ್‌ನ ಚಿಕಿತ್ಸಾಲಯ ಬಲುಬೇಗ ನಗರದ ಮಾತಾಯಿತು. ಪರದೆ ಎಳೆದ ಕೋಣೆಯ ನಡುವೆ ಮರದ ದೊಡ್ಡ ತೊಟ್ಟಿ, ಅದರೊಳಗೆ ನೀರು, ಬಾಟಲಿಗಳು, ಕಬ್ಬಿಣದ ಚೂರುಗಳು, ಮುಚ್ಚಳದ ತೂತುಗಳಿಂದ ಹೊರಚಾಚಿದ ಬಗ್ಗಿಸಿದ ಸರಳುಗಳು. ರೋಗಿಗಳು ಸುತ್ತ ಕುಳಿತು ಆ ಸರಳುಗಳನ್ನು ನೋವಿರುವ ಅಂಗಕ್ಕೆ ಒತ್ತಿ ಹಿಡಿಯುತ್ತಿದ್ದರು. ಹಿನ್ನೆಲೆಯಲ್ಲಿ ಸಂಗೀತ ಕೇಳಿಬರುತ್ತಿದ್ದಂತೆ ಮೆಸ್ಮರ್ ಅವರ ನಡುವೆ ಓಡಾಡುತ್ತ, ದಿಟ್ಟಿಸಿ ನೋಡುತ್ತ, ಕೈಯಾಡಿಸುತ್ತ ಹೋಗುತ್ತಿದ್ದ. ಆಗ ಕೆಲವರು ನಡುಗುವುದು, ಅಳುವುದು, ಸೆಟೆದು ಬೀಳುವುದು ಆಗುತ್ತಿತ್ತು. ರೋಗ ಹೀಗೆ ಉಲ್ಬಣಿಸಿದ ನಂತರವೇ ಇಳಿಯುತ್ತದೆ ಎಂದು ಅವನು ನಂಬಿದ್ದ.

ಈ ಶಕ್ತಿ ನಿಜವೇ ಎಂಬುದನ್ನು ಪರೀಕ್ಷಿಸಲು ಹದಿನಾರನೆಯ ಲೂಯಿ 1784ರಲ್ಲಿ ನೇಮಿಸಿದ ಆಯೋಗದಲ್ಲಿ, ಆಗ ಫ್ರಾನ್ಸಿನಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಬೆಂಜಮಿನ್ ಫ್ರಾಂಕ್ಲಿನ್, ರಸಾಯನಶಾಸ್ತ್ರಜ್ಞ ಲವಾಸಿಯೆ, ಖಗೋಳಜ್ಞ ಬೈಯಿ, ವೈದ್ಯ ಗಿಲೊಟಿನ್ ಮೊದಲಾದವರಿದ್ದರು. ಮೆಸ್ಮರ್ ಪರೀಕ್ಷೆಗೆ ಸಹಕರಿಸದ ಕಾರಣ ಅವನ ಶಿಷ್ಯ ದೆಸ್ಲೋನ್‌ನ ಚಿಕಿತ್ಸೆಯನ್ನೇ ಆಯೋಗ ಪರಿಶೀಲನೆಗೆ ಎತ್ತಿಕೊಂಡಿತು. ಫ್ರಾಂಕ್ಲಿನ್ ವಾಸವಾಗಿದ್ದ ಪಾಸ್ಸಿಯ ತೋಟದಲ್ಲಿ ನಡೆದ ಪ್ರಯೋಗ ಮನೋವಿಜ್ಞಾನದ ಚರಿತ್ರೆಯಲ್ಲಿ ಮರೆಯಬಾರದಂಥದು. ದೆಸ್ಲೋನ್ ಅಲ್ಲಿನ ಒಂದು ಏಪ್ರಿಕಾಟ್ ಮರಕ್ಕೆ ಶಕ್ತಿ ತುಂಬಿದ. ಆಮೇಲೆ ಅವನೇ ಆರಿಸಿ ತಂದಿದ್ದ, ಇಂಥ ಶಕ್ತಿಗೆ ಬೇಗ ಸ್ಪಂದಿಸುವವನೆಂದು ಹೆಸರಾಗಿದ್ದ ಹನ್ನೆರಡು ವರ್ಷದ ಹುಡುಗನನ್ನು ಕಣ್ಣಿಗೆ ಬಟ್ಟೆ ಕಟ್ಟಿ ಕರೆತಂದು, ಶಕ್ತಿ ತುಂಬದ ನಾಲ್ಕು ಮರಗಳನ್ನು ಒಂದಾದ ಮೇಲೊಂದು ತಬ್ಬಿಕೊಳ್ಳುವಂತೆ ಮಾಡಲಾಯಿತು. ಮೊದಲ ಮರದ ಬಳಿಯೇ ಹುಡುಗ ಬೆವರಿ ಕೆಮ್ಮಿದ. ಎರಡನೆಯದರ ಬಳಿ ಅವನಿಗೆ ತಲೆ ಸುತ್ತಿತು. ಮೂರನೆಯದರ ಬಳಿ ಬಾಧೆ ಹೆಚ್ಚಿ, ಶಕ್ತಿಯ ಮರ ಸಮೀಪಿಸುತ್ತಿದೆ ಎಂದ. ನಾಲ್ಕನೆಯದರ ಬಳಿ ಕೈಕಾಲು ಸೆಟೆದು ಎಚ್ಚರ ತಪ್ಪಿ ಬಿದ್ದ. ಆಗ ಅವನು ಶಕ್ತಿ ತುಂಬಿದ ಮರದಿಂದ 24 ಅಡಿ ದೂರದಲ್ಲಿದ್ದ. ಕಲ್ಪನೆಯಿದ್ದರೆ ಅಯಸ್ಕಾಂತ ಶಕ್ತಿಯಿಲ್ಲದೆಯೂ ಸೆಳೆತ ಬರುತ್ತದೆ, ಕಲ್ಪನೆಯಿಲ್ಲದಿದ್ದರೆ ಆ ಶಕ್ತಿಯಿಂದ ಏನೂ ಆಗುವುದಿಲ್ಲ ಎಂದು ಆಯೋಗ ವರದಿ ಕೊಟ್ಟಿತು. ಇದರ ಜೊತೆಗೆ ದೊರೆಗೆ ಮಾತ್ರ ಸಲ್ಲಿಸಿದ ಗುಪ್ತ ವರದಿಯೊಂದರಲ್ಲಿ, ಚಿಕಿತ್ಸಕನಿಗೂ ರೋಗಿಗಳಾದ ಸ್ತ್ರೀಯರಿಗೂ ನಡುವೆ ಬೆಳೆಯುವ ಆಪ್ತತೆ ದುರುಪಯೋಗವಾಗಬಹುದೆಂಬ ಎಚ್ಚರಿಕೆಯೂ ಇತ್ತು.

ಆಯೋಗದ ತರ್ಕದಲ್ಲಿ ಲೋಪವಿರಲಿಲ್ಲ. ಆದರೆ ಕಲ್ಪನೆಯೊಂದೇ ಹುಡುಗನೊಬ್ಬನನ್ನು ನೆಲಕ್ಕೆ ಕೆಡವಬಲ್ಲದಾದರೆ ಅದೇ ಕಲ್ಪನೆಯಿಂದ ರೋಗಿಯನ್ನು ಎಬ್ಬಿಸಿ ನಿಲ್ಲಿಸಲೂ ಸಾಧ್ಯವೇ ಎಂಬ ಮುಂದಿನ ಪ್ರಶ್ನೆಯನ್ನು ಆ ವಿದ್ವಾಂಸರು ಕೇಳಲಿಲ್ಲ. ಅದರತ್ತ ಮೊದಲ ಹೆಜ್ಜೆ ಇಟ್ಟವನು ಮೆಸ್ಮರ್‌ನ ಶಿಷ್ಯರಲ್ಲೊಬ್ಬನಾದ ಮಾರ್ಕ್ವಿಸ್ ಪ್ಯುಸೆಗೂರ್. ಅದೇ 1784ರಲ್ಲಿ, ಬ್ಯೂಜಾನ್ಸಿ ಎಂಬ ಊರಿನ ತನ್ನ ಜಹಗೀರಿನಲ್ಲಿ, ಶ್ವಾಸಕೋಶದ ಉರಿಯೂತದಿಂದ ಮಲಗಿದ್ದ ವಿಕ್ಟರ್ ರಾಸ್ ಎಂಬ ರೈತ ತರುಣನಿಗೆ ಚಿಕಿತ್ಸೆ ಮಾಡುತ್ತಿದ್ದಾಗ, ಅವನು ಸೆಳೆತಕ್ಕೆ ಒಳಗಾಗದೆ ಶಾಂತವಾದ ಒಂದು ಬಗೆಯ ನಿದ್ದೆಗೆ ಜಾರಿದ. ಆ ಸ್ಥಿತಿಯಲ್ಲಿ ಅವನು ಮಾತನಾಡಬಲ್ಲವನಾಗಿದ್ದ. ಎಚ್ಚರದಲ್ಲಿ ಒಡೆಯನೆದುರು ಬಾಯಿಬಿಡಲು ಅಂಜುತ್ತಿದ್ದವನು ಸಹೋದರಿಯೊಂದಿಗಿನ ಜಗಳದ ಚಿಂತೆಯನ್ನೂ ಹೇಳಿಕೊಂಡ. ಎಚ್ಚರಗೊಂಡ ಮೇಲೆ ಅದಾವುದೂ ಅವನ ನೆನಪಿನಲ್ಲಿರಲಿಲ್ಲ. ಇದಕ್ಕೆ ಪ್ಯುಸೆಗೂರ್ ಕೃತಕ ನಿದ್ರಾಸಂಚಾರ ಎಂದು ಹೆಸರಿಟ್ಟ. ಚೀರಾಟ, ಸೆಳೆತಗಳ ಬದಲು ಸಂಭಾಷಣೆ ಚಿಕಿತ್ಸೆಯೊಳಕ್ಕೆ ಬಂದದ್ದು ಹೀಗೆ. ಆದರೆ ಪರಿಣಾಮಕ್ಕೆ ಕಾರಣ ಚಿಕಿತ್ಸಕನ ಇಚ್ಛಾಶಕ್ತಿ ಎಂದೇ ಅವನು ನಂಬಿದ್ದರಿಂದ, ಬಲ ದ್ರವದಿಂದ ವೈದ್ಯನ ಮನಸ್ಸಿಗೆ ಸರಿಯಿತೇ ಹೊರತು ರೋಗಿಯವರೆಗೆ ತಲುಪಲಿಲ್ಲ.

ಅದನ್ನು ರೋಗಿಯವರೆಗೆ ತಲುಪಿಸಿದವನು ಕೊಂಕಣ ಕರಾವಳಿಯವನು. ಗೋವೆಯ ಬಾರ್ದೇಶ ತಾಲೂಕಿನ ಕಾಂದೋಳಿಯಲ್ಲಿ 1756ರ ಮೇ 31ರಂದು, ಹಿಂದೆ ಕ್ರೈಸ್ತಧರ್ಮ ಸ್ವೀಕರಿಸಿದ್ದ ಸಾರಸ್ವತ ಮೂಲದ ಮನೆತನದಲ್ಲಿ ಹುಟ್ಟಿದ ಜೊಸೆ ಕುಸ್ತೊದಿಯೊ ದ ಫಾರಿಯಾ, 1771ರಲ್ಲಿ ತಂದೆಯೊಂದಿಗೆ ಲಿಸ್ಬನ್‌ಗೆ ಹಡಗು ಹತ್ತಿ, ರೋಮ್‌ನಲ್ಲಿ ಧರ್ಮಶಾಸ್ತ್ರ ಓದಿ, 1780ರಲ್ಲಿ ಪಾದ್ರಿ ದೀಕ್ಷೆ ಪಡೆದ. ಪೋರ್ಚುಗೀಸರ ಆಳ್ವಿಕೆಯ ವಿರುದ್ಧ ಗೋವೆಯಲ್ಲಿ 1787ರಲ್ಲಿ ನಡೆದ ಪಿಂಟೊ ಒಳಸಂಚಿನೊಂದಿಗೆ ತಂದೆಮಕ್ಕಳ ಹೆಸರು ತಳಕು ಹಾಕಿಕೊಂಡಿತು. ಮರುವರ್ಷ ಫಾರಿಯಾ ಪ್ಯಾರಿಸ್ ಸೇರಿದ. ಫ್ರಾನ್ಸಿನ ಮಹಾಕ್ರಾಂತಿಯ ಏಳುಬೀಳುಗಳನ್ನು ಕಂಡು, ದಕ್ಷಿಣ ಫ್ರಾನ್ಸಿನಲ್ಲಿ ತತ್ತ್ವಶಾಸ್ತ್ರದ ಅಧ್ಯಾಪಕನಾಗಿ ದುಡಿದು, 1813ರಲ್ಲಿ ಪ್ಯಾರಿಸ್‌ನ ಕ್ಲಿಶಿ ಬೀದಿಯಲ್ಲಿ ತಾನು ಸ್ಪಷ್ಟನಿದ್ರೆ ಎಂದು ಕರೆದ ಈ ಸ್ಥಿತಿಯನ್ನು ಕುರಿತು ಸಾರ್ವಜನಿಕ ಉಪನ್ಯಾಸ ಮತ್ತು ಪ್ರಾತ್ಯಕ್ಷಿಕೆಗಳನ್ನು ಆರಂಭಿಸಿದ.

ಫಾರಿಯಾನ ವಿಧಾನದಲ್ಲಿ ತೊಟ್ಟಿಯೂ ಇರಲಿಲ್ಲ, ಸರಳೂ ಇರಲಿಲ್ಲ, ಮೈಮೇಲೆ ಕೈಯಾಡಿಸುವುದಂತೂ ಇರಲೇ ಇಲ್ಲ. ಬಂದವರನ್ನು ಆರಾಮವಾಗಿ ಕುರ್ಚಿಯಲ್ಲಿ ಕೂರಿಸಿ, ಕಣ್ಣು ಮುಚ್ಚಿ ನಿದ್ದೆಯ ಮೇಲೆ ಮನಸ್ಸಿಡುವಂತೆ ಹೇಳಿ, ಅವರು ಸಮಾಧಾನಗೊಂಡದ್ದನ್ನು ನೋಡಿಕೊಂಡು, ಗಟ್ಟಿಯಾದ ಸ್ವರದಲ್ಲಿ ನಿದ್ರಿಸುವಂತೆ ಆಜ್ಞಾಪಿಸುತ್ತಿದ್ದ. ಅದು ಫಲಿಸದಿದ್ದರೆ ತನ್ನ ಬಿಚ್ಚಿದ ಅಂಗೈಯನ್ನು ದಿಟ್ಟಿಸುವಂತೆ ಹೇಳಿ ಅದನ್ನು ಮೆಲ್ಲಗೆ ಕಣ್ಣಿನ ಸಮೀಪಕ್ಕೆ ತರುತ್ತಿದ್ದ. ಈ ನಿದ್ದೆ ದ್ರವದಿಂದ ಬರುವುದಿಲ್ಲ, ತನ್ನ ಇಚ್ಛಾಶಕ್ತಿಯಿಂದಲೂ ಬರುವುದಿಲ್ಲ, ಅದರ ಕಾರಣ ನಿದ್ರಿಸುವವನ ಒಳಗೇ ಇದೆ, ಒಲ್ಲದವನನ್ನು ಯಾರೂ ನಿದ್ರೆಗೆ ತಳ್ಳಲಾರರು ಎಂದು ಅವನು ಬಂದವರಿಗೆಲ್ಲ ವಿವರಿಸುತ್ತಿದ್ದ. ಎಲ್ಲರೂ ಒಂದೇ ಪ್ರಮಾಣದಲ್ಲಿ ಈ ಸ್ಥಿತಿಗೆ ಬರಲಾರರು ಎಂಬುದನ್ನು ಗುರುತಿಸಿ, ರಕ್ತ ತೆಳುವಾಗಿರುವವರು ಬೇಗ ಬರುತ್ತಾರೆಂದು ಅದಕ್ಕೆ ಕಾರಣ ಕೊಟ್ಟ; ಕಾರಣ ತಪ್ಪು, ಗುರುತಿಸಿದ್ದು ಸರಿ. ದ್ರವವನ್ನು ನಂಬಿದ್ದ ಮೆಸ್ಮರ್‌ಪಂಥಿಗಳಿಗೆ ಅವನು ದ್ರೋಹಿಯಾಗಿ ಕಂಡ, ಚರ್ಚಿನ ಹಲವರಿಗೆ ಮಾಟಗಾರನಾಗಿ ಕಂಡ. 1816ರಲ್ಲಿ ಅವನನ್ನು ಗೇಲಿಮಾಡುವ ಪ್ರಹಸನವೊಂದು ಪ್ಯಾರಿಸ್‌ನ ರಂಗಮಂದಿರದಲ್ಲಿ ಜನರನ್ನು ನಗಿಸಿದ ಮೇಲೆ ಉಪನ್ಯಾಸಗಳಿಗೆ ಬರುವವರು ಇಲ್ಲವಾದರು. ಸ್ಪಷ್ಟನಿದ್ರೆಯ ಕಾರಣವನ್ನು ಕುರಿತ ಅವನ ಗ್ರಂಥ 1819ರಲ್ಲಿ ಅಚ್ಚಾಯಿತು. ಅದೇ ವರ್ಷ ಸೆಪ್ಟೆಂಬರ್ 20ರಂದು ಅವನು ಬಡತನದಲ್ಲಿ ಕಣ್ಮುಚ್ಚಿದ. ಅಲೆಕ್ಸಾಂಡರ್ ಡ್ಯೂಮಾನ ಕಾದಂಬರಿಯಲ್ಲಿ ಬರುವ ಸೆರೆಮನೆಯ ಪಾದ್ರಿಗೆ ಅವನ ಹೆಸರು ಸಂದಿತು. ಪಣಜಿಯಲ್ಲಿ ಹಳೆಯ ಸಚಿವಾಲಯದ ಪಕ್ಕದಲ್ಲಿ ಅವನ ಪ್ರತಿಮೆ 1945ರಿಂದ ನಿಂತಿದೆ. ಆದರೆ ಆಧುನಿಕ ಮನೋಚಿಕಿತ್ಸೆಯ ಮೂಲಪುರುಷರನ್ನು ಹೆಸರಿಸುವಾಗ ಈ ಕೊಂಕಣಿಗನಿಗೆ ಸಲ್ಲಬೇಕಾದಷ್ಟು ಸ್ಥಾನ ಇನ್ನೂ ಸಂದಿಲ್ಲ.

ಫಾರಿಯಾನ ವಿಚಾರ ಮರೆಯಾದರೂ ಮೆಸ್ಮರ್‌ನ ಪದ್ಧತಿ ಭಾರತವನ್ನು ತಲುಪಿತು. ಬಂಗಾಳದ ಹೂಗ್ಲಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸರ್ಜನ್ ಆಗಿದ್ದ ಸ್ಕಾಟ್ಲೆಂಡಿನ ಜೇಮ್ಸ್ ಎಸ್‌ಡೇಲ್, 1845ರ ಏಪ್ರಿಲ್‌ನಲ್ಲಿ, ವೃಷಣದಲ್ಲಿ ನೀರು ತುಂಬಿಕೊಂಡು ನರಳುತ್ತಿದ್ದ ಕೈದಿಯೊಬ್ಬನನ್ನು ಮೆಸ್ಮರ್ ಪದ್ಧತಿಯಿಂದ ಮಂಪರಿಗೆ ತಂದು ಶಸ್ತ್ರಚಿಕಿತ್ಸೆ ಮಾಡಿದ. ಅರಿವಳಿಕೆ ಔಷಧ ಇನ್ನೂ ಬಳಕೆಗೆ ಬಾರದ ಕಾಲವದು. ಬಳಿಕ ಆನೆಕಾಲು ರೋಗದಿಂದ ಬೆಳೆದ ಭಾರಿ ಗಡ್ಡೆಗಳನ್ನೂ ಅವನು ಇದೇ ರೀತಿ ತೆಗೆದ. ಕತ್ತಲೆ ಕೋಣೆಯಲ್ಲಿ ರೋಗಿಯ ತಲೆಯ ಬಳಿ ಕುಳಿತು, ಮುಖದಿಂದ ಹೊಟ್ಟೆಯವರೆಗೆ ಗಂಟೆಗಟ್ಟಲೆ ಕೈಯಾಡಿಸುವ ದಣಿವಿನ ಕೆಲಸವನ್ನು ಮಾಡುತ್ತಿದ್ದವರು ಆಸ್ಪತ್ರೆಯ ಹಿಂದೂ ಮತ್ತು ಮುಸ್ಲಿಂ ಸಹಾಯಕರು. ಚರಿತ್ರೆ ಎಸ್‌ಡೇಲ್‌ನ ಹೆಸರನ್ನು ಉಳಿಸಿಕೊಂಡು ಅವರ ಹೆಸರುಗಳನ್ನು ಬಿಟ್ಟಿತು. ಸರಕಾರದ ಸಮಿತಿಯೊಂದು ಪರಿಶೀಲಿಸಿದ ಮೇಲೆ 1846ರ ಕೊನೆಗೆ ಕಲ್ಕತ್ತೆಯಲ್ಲಿ ಇದಕ್ಕಾಗಿಯೇ ಪ್ರಾಯೋಗಿಕ ಆಸ್ಪತ್ರೆಯೊಂದು ತೆರೆಯಿತು. ಅಷ್ಟರಲ್ಲಿ ಬಾಸ್ಟನ್ನಿನಲ್ಲಿ ಈಥರ್, ಮರುವರ್ಷ ಎಡಿನ್‌ಬರೋದಲ್ಲಿ ಕ್ಲೋರೋಫಾರ್ಮ್ ಬಳಕೆಗೆ ಬಂದು, ಕೆಲವೇ ನಿಮಿಷಗಳಲ್ಲಿ ಎಲ್ಲರಿಗೂ ಒಂದೇ ಬಗೆಯಲ್ಲಿ ಫಲಿಸುವ ಔಷಧದ ಮುಂದೆ ಈ ವಿಧಾನ ನಿಲ್ಲಲಾರದೆ ಹೋಯಿತು. 1851ರಲ್ಲಿ ಎಸ್‌ಡೇಲ್ ಭಾರತವನ್ನು ಬಿಟ್ಟ.

ಹೀಗೆ ಶಸ್ತ್ರಚಿಕಿತ್ಸೆಯ ಕೋಣೆಯಿಂದ ಹೊರಬಿದ್ದ ವಿದ್ಯೆಗೆ ಎಸ್‌ಡೇಲ್‌ಗಿಂತ ಮೊದಲೇ ವೈಜ್ಞಾನಿಕ ಅಧ್ಯಯನದ ನೆಲೆ ಒದಗಿಸಿದ್ದವನು ಮ್ಯಾಂಚೆಸ್ಟರ್‌ನ ವೈದ್ಯ ಜೇಮ್ಸ್ ಬ್ರೇಡ್. 1841ರ ನವೆಂಬರ್‌ನಲ್ಲಿ ಮೆಸ್ಮರ್‌ಪಂಥಿಯೊಬ್ಬನ ಪ್ರದರ್ಶನವನ್ನು ಮೋಸವೆಂದೇ ಭಾವಿಸಿ ನೋಡಲು ಹೋದ ಬ್ರೇಡ್, ಪ್ರಯೋಗಕ್ಕೆ ಒಳಗಾದವನಿಗೆ ಕಣ್ಣೆವೆ ತೆರೆಯಲಾಗದಿದ್ದದ್ದು ನಟನೆಯಲ್ಲ ಎಂಬುದನ್ನು ಮನಗಂಡು, ತನ್ನ ಮನೆಯವರ ಮತ್ತು ಸ್ನೇಹಿತರ ಮೇಲೆ ಪರೀಕ್ಷೆ ನಡೆಸಿದ. ಹೊಳೆಯುವ ವಸ್ತುವೊಂದನ್ನು ಹಣೆಯ ಮೇಲ್ಭಾಗದಲ್ಲಿ ಹಿಡಿದು ರೋಗಿ ಅದನ್ನೇ ದಿಟ್ಟಿಸುವಂತೆ ಮಾಡಿದರೆ ಸಾಕು, ಚಿಕಿತ್ಸಕನ ದೇಹದಿಂದ ಏನೂ ಹರಿಯಬೇಕಾಗಿಲ್ಲ ಎಂದು ಕಂಡುಕೊಂಡು, 1843ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಸ್ಥಿತಿಗೆ ಹಿಪ್ನಾಟಿಸಂ ಎಂಬ ಹೆಸರನ್ನು ಬಳಕೆಗೆ ತಂದ. ಮೊದಲು ಅದು ಕಣ್ಣಿನ ನರಗಳ ದಣಿವಿನಿಂದ ಬರುತ್ತದೆಂದು ತಿಳಿದಿದ್ದ ಬ್ರೇಡ್, ಮುಂದೆ ಮನಸ್ಸು ಒಂದೇ ವಿಚಾರದಲ್ಲಿ ತಲ್ಲೀನವಾಗುವುದೇ ಅದರ ತಿರುಳು ಎಂಬ ನಿಲುವಿಗೆ ಬಂದ.

ಈ ವಿಚಾರ ಬಡವರ ಚಿಕಿತ್ಸಾಲಯಕ್ಕೆ ಇಳಿದದ್ದು ಫ್ರಾನ್ಸಿನ ನಾನ್ಸಿ ನಗರದಲ್ಲಿ. ಅಲ್ಲಿನ ವೈದ್ಯ ಒಗ್ಯೂಸ್ತ್ ಲಿಯೆಬೋ ತನ್ನ ರೋಗಿಗಳ ಮುಂದೆ ಎರಡು ದಾರಿಗಳನ್ನಿಡುತ್ತಿದ್ದ: ಔಷಧ ಬೇಕೆಂದರೆ ಶುಲ್ಕ, ಸಮ್ಮೋಹನಕ್ಕೆ ಒಪ್ಪಿದರೆ ಉಚಿತ. ಸುಣ್ಣ ಬಳಿದ ಗೋಡೆಗಳ, ಕಲ್ಲುಹಾಸಿನ ಕೋಣೆಯಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ದಿನಕ್ಕೆ 25ರಿಂದ 40 ಮಂದಿ, ಹೆಚ್ಚಾಗಿ ಕೂಲಿಕಾರರು ಮತ್ತು ಹಳ್ಳಿಗರು, ಗದ್ದಲದ ನಡುವೆಯೇ ತಮ್ಮ ಸರದಿಗಾಗಿ ಕಾಯುತ್ತಿದ್ದರು. ಲಿಯೆಬೋ ರೋಗಿಗೆ ತನ್ನ ಕಣ್ಣುಗಳನ್ನು ನೋಡುವಂತೆ ಹೇಳಿ, ರೆಪ್ಪೆ ಭಾರವಾಗುತ್ತಿದೆ, ನಿದ್ದೆ ಬರುತ್ತಿದೆ ಎಂದು ಮೃದುವಾಗಿ ಹೇಳುತ್ತ ಹೋಗಿ, ಮಂಪರು ಕವಿದೊಡನೆ ನೋವು ಇಳಿಯುತ್ತದೆ, ಹಸಿವು ಮರಳುತ್ತದೆ ಎಂದು ಒಂದೊಂದೇ ಬಾಧೆಯನ್ನು ಹೆಸರಿಸಿ ಭರವಸೆ ಕೊಟ್ಟು, ಕೆಲವೇ ನಿಮಿಷಗಳಲ್ಲಿ ಎಬ್ಬಿಸಿ ಮುಂದಿನವನನ್ನು ಕರೆಯುತ್ತಿದ್ದ. ಮುಂದೆ ಇದ್ದವರು ಗುಣವಾಗುವುದನ್ನು ಹಿಂದೆ ಕಾದವರು ಕಣ್ಣಾರೆ ಕಾಣುತ್ತಿದ್ದುದೂ ಚಿಕಿತ್ಸೆಯ ಭಾಗವೇ ಆಗಿತ್ತು. 1866ರಲ್ಲಿ ಅವನು ಪ್ರಕಟಿಸಿದ ಗ್ರಂಥವನ್ನು ವೈದ್ಯಲೋಕ ಕಣ್ಣೆತ್ತಿ ನೋಡಲಿಲ್ಲ. ಆದರೆ ನಾನ್ಸಿಯ ವೈದ್ಯಶಾಲೆಯ ಪ್ರಾಧ್ಯಾಪಕ ಇಪೊಲಿತ್ ಬೆರ್ನ್‌ಹೈಮ್ 1882ರಲ್ಲಿ ಬಂದು ನೋಡಿದಾಗ ಸ್ಥಿತಿ ಬದಲಾಯಿತು. ಸಮ್ಮೋಹನದಲ್ಲಿ ನಿದ್ದೆ ಮುಖ್ಯವಲ್ಲ, ಸೂಚನೆ ಮುಖ್ಯ. ಒಂದು ವಿಚಾರವನ್ನು ಮನಸ್ಸು ಸ್ವೀಕರಿಸಿದೊಡನೆ ಅದು ಕ್ರಿಯೆಯಾಗಿ ಮಾರ್ಪಡುವುದು ಎಲ್ಲ ಮನುಷ್ಯರಲ್ಲೂ ಇರುವ ಸಹಜ ಗುಣ ಎಂದು ಬೆರ್ನ್‌ಹೈಮ್ ಪ್ರತಿಪಾದಿಸಿದ. ಮನೋಚಿಕಿತ್ಸೆ ಎಂಬ ಪದವನ್ನು 1891ರ ತನ್ನ ಗ್ರಂಥದ ಶೀರ್ಷಿಕೆಯಲ್ಲೇ ಬಳಸಿದವನೂ ಅವನೇ.

ಇದಕ್ಕೆ ಎದುರಾಗಿ ನಿಂತದ್ದು ಪ್ಯಾರಿಸ್‌ನ ಸಾಲ್ಪೆತ್ರಿಯೇರ್ ಆಸ್ಪತ್ರೆ. ನರರೋಗಶಾಸ್ತ್ರದ ದಿಗ್ಗಜನಾಗಿದ್ದ ಜಾನ್ ಮಾರ್ಟಿನ್ ಶಾರ್ಕೊ ಅಲ್ಲಿ, ಅಂಗದಲ್ಲಿ ಯಾವ ಗಾಯವೂ ಕಾಣದಿದ್ದರೂ ಪಾರ್ಶ್ವವಾಯು, ಕುರುಡು, ಸೆಳೆತ ಮೊದಲಾದ ಲಕ್ಷಣಗಳು ತಲೆದೋರುವ ಹಿಸ್ಟೀರಿಯಾ ಎಂಬ ರೋಗವನ್ನು ಅಭ್ಯಾಸ ಮಾಡುತ್ತಿದ್ದ. ಸಮ್ಮೋಹನಕ್ಕೆ ಒಳಗಾಗುವುದೇ ಆ ರೋಗದ ಲಕ್ಷಣ, ಅದು ಮೂರು ನಿರ್ದಿಷ್ಟ ಹಂತಗಳಲ್ಲಿ ನಡೆಯುತ್ತದೆ ಎಂದು ಅವನು 1882ರಲ್ಲಿ ಫ್ರಾನ್ಸಿನ ವಿಜ್ಞಾನ ಅಕಾಡೆಮಿಯ ಮುಂದೆ ಮಂಡಿಸಿದಾಗ, ನೂರು ವರ್ಷ ತಿರಸ್ಕೃತವಾಗಿದ್ದ ವಿಷಯಕ್ಕೆ ಒಂದೇ ದಿನದಲ್ಲಿ ಮಾನ್ಯತೆ ಬಂತು. ಅವನ ಪ್ರಾತ್ಯಕ್ಷಿಕೆಗಳಿಗೆ ವೈದ್ಯರಷ್ಟೇ ಅಲ್ಲದೆ ಸಾಹಿತಿಗಳೂ ಕಲಾವಿದರೂ ನೆರೆಯುತ್ತಿದ್ದರು. ಆದರೆ ನಾನ್ಸಿಯಲ್ಲಿ ಸಾವಿರಾರು ಸಾಮಾನ್ಯ ರೋಗಿಗಳನ್ನು ನೋಡಿದವರಿಗೆ ಆ ಮೂರು ಹಂತಗಳು ಎಲ್ಲಿಯೂ ಕಾಣಲಿಲ್ಲ. ಒಂದೇ ಆಸ್ಪತ್ರೆಯ ಕೆಲವೇ ಸ್ತ್ರೀಯರು, ತಮ್ಮೆದುರೇ ವೈದ್ಯರು ಆಡುವ ಮಾತುಗಳನ್ನು ಕೇಳಿ ಕೇಳಿ, ನಿರೀಕ್ಷಿಸಿದ್ದನ್ನು ತಮಗರಿಯದೆಯೇ ತೋರಿಸುತ್ತಿದ್ದಾರೆ ಎಂದು ಬೆರ್ನ್‌ಹೈಮ್ ವಾದಿಸಿದ. 1893ರಲ್ಲಿ ಶಾರ್ಕೊ ತೀರಿಕೊಳ್ಳುವ ಹೊತ್ತಿಗೆ ವಾದದಲ್ಲಿ ಗೆದ್ದದ್ದು ನಾನ್ಸಿ. ಪಾಸ್ಸಿಯ ತೋಟದಲ್ಲಿ ಹುಡುಗನಿಗೆ ಆದದ್ದೇ ಶಾರ್ಕೊನ ವೇದಿಕೆಯಲ್ಲಿ ಪ್ರಾಧ್ಯಾಪಕರಿಗೆ ಆಗಿತ್ತು: ನಿರೀಕ್ಷೆಯೇ ಪರಿಣಾಮವನ್ನು ಸೃಷ್ಟಿಸಿತ್ತು.

ಸೂಚನೆಯಿಂದ ಲಕ್ಷಣವನ್ನು ಅಳಿಸುವುದಷ್ಟೇ ಅಲ್ಲ, ಲಕ್ಷಣದ ಹಿಂದಿನ ಕಥೆಯನ್ನೂ ಸಮ್ಮೋಹನದ ಮೂಲಕ ತಿಳಿಯಬಹುದೆಂದು ತೋರಿಸಿದವನು ಫ್ರಾನ್ಸಿನ ಪಿಯೆರ್ ಜಾನೆ. 1889ರ ಅವನ ಗ್ರಂಥದಲ್ಲಿ ಮಾರಿ ಎಂಬ ಹೆಸರಿನಿಂದ ಬರುವ ಹತ್ತೊಂಬತ್ತು ವರ್ಷದ ತರುಣಿಗೆ ಮುಟ್ಟಿನ ದಿನಗಳಲ್ಲಿ ಸನ್ನಿಯಂಥ ಸೆಳೆತ ಬರುತ್ತಿತ್ತು. ಜೊತೆಗೆ ಎಡಗಣ್ಣಿಗೆ ದೃಷ್ಟಿಯಿರಲಿಲ್ಲ. ಸಮ್ಮೋಹನದಲ್ಲಿ ಹಿಂದಿನ ವಯಸ್ಸಿಗೆ ಕರೆದೊಯ್ದಾಗ, ಹದಿಮೂರನೆಯ ವಯಸ್ಸಿನಲ್ಲಿ ಮೊದಲ ಮುಟ್ಟಿಗೆ ನಾಚಿ ಅದನ್ನು ನಿಲ್ಲಿಸಲೆಂದು ತಣ್ಣೀರಿನ ತೊಟ್ಟಿಯಲ್ಲಿ ಮುಳುಗಿದ ಸಂಗತಿಯೂ, ಆರನೆಯ ವಯಸ್ಸಿನಲ್ಲಿ ಮುಖದ ಎಡಭಾಗವೆಲ್ಲ ಹುಣ್ಣಾಗಿದ್ದ ಮಗುವಿನ ಪಕ್ಕ ಬಲವಂತವಾಗಿ ಮಲಗಬೇಕಾಗಿ ಬಂದ ಸಂಗತಿಯೂ ಹೊರಬಿದ್ದವು. ಜಾನೆ ಅವಳನ್ನು ಮತ್ತೆ ಆ ರಾತ್ರಿಗೆ ಕರೆದೊಯ್ದು, ಪಕ್ಕದ ಮಗುವಿಗೆ ಹುಣ್ಣಿಲ್ಲ, ಅದು ಮುದ್ದಾದ ಮಗು ಎಂದು ಮನಗಾಣಿಸಿ, ಆಕೆ ಆ ಕಲ್ಪನೆಯ ಮಗುವನ್ನು ಅಂಜದೆ ಮುದ್ದಿಸುವವರೆಗೆ ಬಿಡಲಿಲ್ಲ; ಎಡಗಣ್ಣಿನ ದೃಷ್ಟಿ ಮರಳಿತು ಎಂದು ಅವನು ದಾಖಲಿಸಿದ್ದಾನೆ. ಅರಿವಿನಿಂದ ಬೇರ್ಪಟ್ಟ ನೆನಪು ರೋಗವಾಗಿ ಕಾಡಬಹುದು ಎಂಬ ವಿಚಾರಕ್ಕೆ ಇದು ಬುನಾದಿಯಾಯಿತು.

ಅದೇ ದಾರಿಯಲ್ಲಿ, ಜಾನೆಗಿಂತ ಮೊದಲೇ, ವಿಯೆನ್ನಾದ ವೈದ್ಯ ಯೋಸೆಫ್ ಬ್ರಾಯರ್, 1880ರಿಂದ 1882ರವರೆಗೆ ಬರ್ತಾ ಪಾಪೆನ್‌ಹೈಮ್ ಎಂಬ ಪ್ರತಿಭಾವಂತ ತರುಣಿಗೆ ಚಿಕಿತ್ಸೆ ನೀಡುತ್ತ, ಸಮ್ಮೋಹನದಲ್ಲಿ ಒಂದೊಂದು ಲಕ್ಷಣದ ಮೂಲವನ್ನು ಹೇಳಿಕೊಂಡೊಡನೆ ಆ ಲಕ್ಷಣ ಹಿಂದೆ ಸರಿಯುವುದನ್ನು ಕಂಡಿದ್ದ. ಸಿಗ್ಮಂಡ್ ಫ್ರಾಯ್ಡ್‌ನೊಂದಿಗೆ 1895ರಲ್ಲಿ ಅವನು ಪ್ರಕಟಿಸಿದ ಹಿಸ್ಟೀರಿಯಾ ಕುರಿತ ಗ್ರಂಥದಲ್ಲಿ ಆಕೆ ಅನಾ ಓ. ಎಂಬ ಹೆಸರಿನಿಂದ ಬರುತ್ತಾಳೆ. ಚಿಕಿತ್ಸೆ ಮುಗಿದ ಬೆನ್ನಿಗೇ ಆಕೆ ಮತ್ತೆ ಆಸ್ಪತ್ರೆ ಸೇರಬೇಕಾಯಿತೆಂಬುದು ಬಹುಕಾಲದ ನಂತರ ದಾಖಲೆಗಳಿಂದ ತಿಳಿದುಬಂತು. ಮುಂದೆ ಆಕೆ ಜರ್ಮನಿಯಲ್ಲಿ ಸ್ತ್ರೀಯರ ಹಕ್ಕುಗಳಿಗಾಗಿ ದುಡಿದ ನಾಯಕಿಯಾದಳು. ಶಾರ್ಕೊ ಬಳಿ 1885–86ರಲ್ಲಿ ಕಲಿತು, ಬೆರ್ನ್‌ಹೈಮ್‌ನ ಗ್ರಂಥವನ್ನು ಜರ್ಮನ್ ಭಾಷೆಗೆ ತಂದಿದ್ದ ಫ್ರಾಯ್ಡ್, 1889ರಲ್ಲಿ ಸ್ವತಃ ನಾನ್ಸಿಗೆ ಹೋದಾಗ ಒಂದು ಸಂಗತಿ ಅವನ ಮನಸ್ಸಿನಲ್ಲಿ ನಾಟಿತು: ಸಮ್ಮೋಹನದಲ್ಲಿ ನಡೆದದ್ದು ನೆನಪಿಲ್ಲ ಎನ್ನುವ ರೋಗಿಯನ್ನು ಎಚ್ಚರದಲ್ಲೇ ಒತ್ತಾಯಿಸಿ ಕೇಳಿದರೆ ನೆನಪು ಮೆಲ್ಲಮೆಲ್ಲಗೆ ಮರಳುತ್ತದೆ. ಎಲ್ಲ ರೋಗಿಗಳೂ ಸಮ್ಮೋಹನಕ್ಕೆ ಒಳಗಾಗದಿರುವುದು, ಹೋದ ಲಕ್ಷಣ ಮರಳಿ ಬರುವುದು, ವೈದ್ಯನ ಮೇಲೆ ರೋಗಿಗೆ ಮಿತಿಮೀರಿದ ಮೋಹ ಬೆಳೆಯುವುದು ಇವೆಲ್ಲ ಸೇರಿ ಅವನು 1890ರ ದಶಕದಲ್ಲಿ ಸಮ್ಮೋಹನವನ್ನು ಕೈಬಿಟ್ಟು, ಮೊದಲು ಹಣೆಯ ಮೇಲೆ ಕೈಯಿಟ್ಟು ನೆನಪಿಸುವ ವಿಧಾನವನ್ನೂ ಆಮೇಲೆ ಮನಸ್ಸಿಗೆ ತೋಚಿದ್ದನ್ನೆಲ್ಲ ಹೇಳಿಸುವ ವಿಧಾನವನ್ನೂ ರೂಢಿಸಿಕೊಂಡ. ಮನೋವಿಶ್ಲೇಷಣೆ ಹುಟ್ಟಿದ್ದು ಹೀಗೆ. ರೋಗಿ ಒರಗುವ ಮಂಚವೊಂದು ಹಳೆಯ ವಿಧಾನದ ಕುರುಹಾಗಿ ಉಳಿಯಿತು. ಭಾರತೀಯ ಮನೋವಿಶ್ಲೇಷಣಾ ಸಂಘವನ್ನು 1922ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪಿಸಿದ ಗಿರೀಂದ್ರಶೇಖರ ಬೋಸ್ ಕೂಡ ಮೊದಲು ಸಮ್ಮೋಹನವನ್ನು ಅಭ್ಯಾಸ ಮಾಡಿ ನಂತರವೇ ವಿಶ್ಲೇಷಣೆಗೆ ಬಂದವರು.

ಫ್ರಾಯ್ಡ್‌ನ ಪ್ರಭಾವ ಬೆಳೆದಂತೆ ಸಮ್ಮೋಹನ ಬದಿಗೆ ಸರಿಯಿತಾದರೂ, ಮೊದಲ ಮಹಾಯುದ್ಧದಲ್ಲಿ ಸಿಡಿಗುಂಡಿನ ಆಘಾತದಿಂದ ಮೂಕರಾಗಿ, ನಡುಕ ಹಿಡಿದು ಬಂದ ಸೈನಿಕರಿಗೆ ಚಿಕಿತ್ಸೆ ನೀಡಲು ಜರ್ಮನಿಯ ಮಾಕ್ಸ್ ನೊನ್ನೆ, ಎರ್ನ್ಸ್ಟ್ ಸಿಮೆಲ್ ಮೊದಲಾದ ವೈದ್ಯರು ಅದನ್ನೇ ಮತ್ತೆ ಕೈಗೆತ್ತಿಕೊಂಡರು. 1933ರಲ್ಲಿ ಅಮೆರಿಕದ ಕ್ಲಾರ್ಕ್ ಹಲ್ ಅದನ್ನು ಪ್ರಯೋಗಶಾಲೆಯ ವಿಷಯವಾಗಿಸಿದ. ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದಲ್ಲಿ ಆಂಡ್ರೆ ವೈಟ್ಸೆನ್‌ಹೋಫರ್ ಮತ್ತು ಅರ್ನೆಸ್ಟ್ ಹಿಲ್ಗಾರ್ಡ್ 1959ರಲ್ಲಿ ಹನ್ನೆರಡು ಪರೀಕ್ಷೆಗಳುಳ್ಳ ಅಳತೆಗೋಲನ್ನು ಸಿದ್ಧಪಡಿಸಿದರು. ಕೆಲವರು ಸೂಚನೆಗೆ ತೀವ್ರವಾಗಿ ಸ್ಪಂದಿಸುತ್ತಾರೆ, ಕೆಲವರು ಬಹುಮಟ್ಟಿಗೆ ಸ್ಪಂದಿಸುವುದೇ ಇಲ್ಲ, ಬಹುಸಂಖ್ಯಾತರು ನಡುವೆ ಇರುತ್ತಾರೆ ಎಂಬುದು ಇದರಿಂದ ಸ್ಪಷ್ಟವಾಯಿತು. 25 ವರ್ಷಗಳ ನಂತರ ಅದೇ ವ್ಯಕ್ತಿಗಳನ್ನು ಮತ್ತೆ ಪರೀಕ್ಷಿಸಿದಾಗಲೂ ಅವರ ಸ್ಥಾನ ಹೆಚ್ಚು ಬದಲಾಗಿರಲಿಲ್ಲ. ಫಾರಿಯಾ ರಕ್ತದಲ್ಲಿ ಹುಡುಕಿದ ವ್ಯತ್ಯಾಸ ಮನೋಧರ್ಮದ ಸ್ಥಿರ ಗುಣವಾಗಿತ್ತು. ಬ್ರಿಟಿಷ್ ವೈದ್ಯಕೀಯ ಸಂಘ 1955ರಲ್ಲೂ ಅಮೆರಿಕದ ವೈದ್ಯಕೀಯ ಸಂಘ 1958ರಲ್ಲೂ ತರಬೇತಿ ಪಡೆದವರ ಕೈಯಲ್ಲಿ ಸಮ್ಮೋಹನ ಉಪಯುಕ್ತ ಎಂದು ಒಪ್ಪಿಕೊಂಡವು. ಅದೇ ಕಾಲದಲ್ಲಿ ಅಮೆರಿಕದ ಮನೋವೈದ್ಯ ಮಿಲ್ಟನ್ ಎರಿಕ್ಸನ್ ಆಜ್ಞೆಯ ಧಾಟಿಯನ್ನು ಬಿಟ್ಟು, ರೋಗಿಯದೇ ನುಡಿ, ಅನುಭವ, ಆಸಕ್ತಿಗಳನ್ನು ಬಳಸಿ ಪರೋಕ್ಷವಾಗಿ ಸೂಚಿಸುವ ಶೈಲಿಯನ್ನು ಬೆಳೆಸಿದ. ಚಿಕಿತ್ಸಕ ಆಳುವವನ ಸ್ಥಾನದಿಂದ ಇಳಿದು ಜೊತೆಗಾರನಾದ.

ಈ ವಿದ್ಯೆ ಅತಿ ಹೆಚ್ಚು ಹಾನಿ ಮಾಡಿದ್ದು ನೆನಪಿನ ವಿಷಯದಲ್ಲಿ. ಸಮ್ಮೋಹನದಲ್ಲಿ ಹೊರಬರುವ ನೆನಪು ಶುದ್ಧ ಸತ್ಯವೆಂಬ ನಂಬಿಕೆ ಜಾನೆ, ಬ್ರಾಯರ್‌ರ ಕಾಲದಿಂದ ಉಳಿದು ಬಂದಿತ್ತು. 1952ರಲ್ಲಿ ಅಮೆರಿಕದ ಗೃಹಿಣಿಯೊಬ್ಬಳು ಸಮ್ಮೋಹನದಲ್ಲಿ, ತಾನು ಹತ್ತೊಂಬತ್ತನೆಯ ಶತಮಾನದ ಐರ್ಲೆಂಡಿನ ಬ್ರೈಡಿ ಮರ್ಫಿ ಎಂಬ ಸ್ತ್ರೀಯಾಗಿದ್ದೆನೆಂದು ವಿವರ ವಿವರವಾಗಿ ಹೇಳಿದಳು. 1956ರಲ್ಲಿ ಅದರ ಪುಸ್ತಕ ಬಂದಾಗ ಪೂರ್ವಜನ್ಮದ ಸ್ಮರಣೆಯ ಹುಚ್ಚು ದೇಶವನ್ನೇ ಹಿಡಿಯಿತು. ಐರ್ಲೆಂಡಿನ ದಾಖಲೆಗಳಲ್ಲಿ ಹುಡುಕಿದರೆ ಅಂಥ ಸ್ತ್ರೀಯ ಜನನ, ಮರಣಗಳ ಕುರುಹು ಸಿಗಲಿಲ್ಲ. ಇದಕ್ಕಿಂತ ಗಂಭೀರವಾದದ್ದು 1980 ಮತ್ತು 90ರ ದಶಕಗಳಲ್ಲಿ ನಡೆಯಿತು: ಸಮ್ಮೋಹನ ಮತ್ತು ಅದರಂಥ ವಿಧಾನಗಳಲ್ಲಿ ಹೊರಬಂದ ಬಾಲ್ಯದ ದೌರ್ಜನ್ಯದ ನೆನಪುಗಳನ್ನು ಆಧರಿಸಿ ಅಮೆರಿಕದಲ್ಲಿ ಕುಟುಂಬಗಳು ಒಡೆದವು, ನ್ಯಾಯಾಲಯಗಳಲ್ಲಿ ಆರೋಪಗಳು ದಾಖಲಾದವು. ಸಮ್ಮೋಹನದಲ್ಲಿ ನೆನಪಿನ ನಿಖರತೆ ಹೆಚ್ಚುವುದಿಲ್ಲ. ಕಲ್ಪನೆಯೂ ನೆನಪೂ ಬೆರೆತು, ಆ ಬೆರಕೆಯ ಬಗ್ಗೆ ವ್ಯಕ್ತಿಗಿರುವ ವಿಶ್ವಾಸ ಮಾತ್ರ ಹೆಚ್ಚುತ್ತದೆ. ಅಮೆರಿಕದ ವೈದ್ಯಕೀಯ ಸಂಘದ ಸಮಿತಿ 1985ರಲ್ಲೇ ಈ ಎಚ್ಚರಿಕೆ ಕೊಟ್ಟಿತ್ತು. ಭಾರತದ ನಗರಗಳಲ್ಲಿ ಇಂದು ಪೂರ್ವಜನ್ಮಕ್ಕೆ ಕರೆದೊಯ್ಯುವ ಚಿಕಿತ್ಸೆಯ ಹೆಸರಿನಲ್ಲಿ ನಡೆಯುವ ವ್ಯಾಪಾರಕ್ಕೆ ಈ ಇತಿಹಾಸ ತಕ್ಕ ಉತ್ತರ.

ಇಷ್ಟಾದರೂ ಸಮ್ಮೋಹನದಿಂದ ನಿಜವಾದ ಪ್ರಯೋಜನ ದೊರೆಯುವ ಕ್ಷೇತ್ರಗಳಿವೆ. ನೋವು ಅವುಗಳಲ್ಲಿ ಮೊದಲನೆಯದು: ನೋವಿನ ಅಹಿತ ಕಡಿಮೆಯಾಗುತ್ತದೆಂದು ಸಮ್ಮೋಹನದಲ್ಲಿ ಸೂಚಿಸಿದಾಗ, ಆ ಅಹಿತದ ಅನುಭವಕ್ಕೆ ಸಂಬಂಧಿಸಿದ ಮಿದುಳಿನ ಭಾಗದ ಚಟುವಟಿಕೆಯೇ ಬದಲಾಗುವುದನ್ನು 1997ರಲ್ಲಿ ಪ್ರಕಟವಾದ ಮಿದುಳಿನ ಚಿತ್ರಣದ ಅಧ್ಯಯನ ತೋರಿಸಿತು. ಕರುಳಿನಲ್ಲಿ ಗಾಯವೋ ಸೋಂಕೋ ಇಲ್ಲದಿದ್ದರೂ ಹೊಟ್ಟೆನೋವು, ಉಬ್ಬರ, ಭೇದಿಗಳಿಂದ ಕಾಡುವ ಕೆರಳಿದ ಕರುಳಿನ ಬೇನೆಯಲ್ಲಿ, ಔಷಧಕ್ಕೆ ಬಗ್ಗದ 30 ರೋಗಿಗಳ ಮೇಲೆ ಮ್ಯಾಂಚೆಸ್ಟರ್‌ನಲ್ಲಿ ನಡೆದು 1984ರಲ್ಲಿ ಪ್ರಕಟವಾದ ಪ್ರಯೋಗ, ಸಮ್ಮೋಹನ ಪಡೆದವರಲ್ಲಿ ಗಣನೀಯ ಸುಧಾರಣೆಯನ್ನು ಕಂಡಿತು. 2008ರಲ್ಲಿ ಬ್ರಿಟನ್ನಿನ ಅಧಿಕೃತ ಚಿಕಿತ್ಸಾ ಮಾರ್ಗಸೂಚಿ, ಒಂದು ವರ್ಷದ ಔಷಧೋಪಚಾರದಿಂದಲೂ ಗುಣ ಕಾಣದವರಿಗೆ ಇದನ್ನು ಪರಿಗಣಿಸಬಹುದು ಎಂದಿತು. ಆತಂಕ, ಭೀತಿ, ಶಸ್ತ್ರಚಿಕಿತ್ಸೆಗೆ ಮುಂಚಿನ ಕಳವಳ ಇವುಗಳಲ್ಲಿ, ಯೋಚನೆ ಮತ್ತು ನಡವಳಿಕೆಯ ರೂಢಿಗಳನ್ನು ತಿದ್ದುವ ಚಿಕಿತ್ಸೆಯ ಜೊತೆಗೆ ಇದನ್ನು ಸೇರಿಸಿ ಬಳಸುತ್ತಾರೆ. ಭ್ರಮೆ, ಭ್ರಾಂತಿಗಳಿರುವ ತೀವ್ರ ಮನೋರೋಗಗಳಲ್ಲಿ ಇದು ಔಷಧಕ್ಕೆ ಪರ್ಯಾಯವಲ್ಲ, ಹಾನಿಯನ್ನೂ ಮಾಡಬಹುದು.

ಭಾರತದಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ 2003ರ ನವೆಂಬರ್ 25ರ ತನ್ನ ಆದೇಶದಲ್ಲಿ, ಸಮ್ಮೋಹನವನ್ನು ಪ್ರತ್ಯೇಕ ವೈದ್ಯಪದ್ಧತಿಯಾಗಿ ಅಲ್ಲದೆ ಒಂದು ಚಿಕಿತ್ಸಾ ವಿಧಾನವಾಗಿ ಗುರುತಿಸಿ, ನೋಂದಾಯಿತ ವೈದ್ಯರು ಅಥವಾ ತಕ್ಕ ತರಬೇತಿ ಪಡೆದವರು ಅದನ್ನು ಬಳಸಬಹುದು ಎಂದು ಹೇಳಿತು. ಇತಿಹಾಸ ಕಲಿಸಿದ ಪಾಠವೂ ಇದೇ. ಮೆಸ್ಮರ್, ಪ್ಯುಸೆಗೂರ್, ಶಾರ್ಕೊ ತಮ್ಮಲ್ಲಿ ಅಥವಾ ತಮ್ಮ ವಿಧಾನದಲ್ಲಿ ಬಲವಿದೆ ಎಂದು ನಂಬಿದಾಗ ಈ ವಿದ್ಯೆ ದಾರಿ ತಪ್ಪಿತು. ಫಾರಿಯಾ, ಬೆರ್ನ್‌ಹೈಮ್, ಎರಿಕ್ಸನ್ ಆ ಬಲವನ್ನು ರೋಗಿಯಲ್ಲಿ ಗುರುತಿಸಿದಾಗ ಅದು ಚಿಕಿತ್ಸೆಯಾಯಿತು. ಆದ್ದರಿಂದ ಸಮ್ಮೋಹನದ ನೆರವು ಬಯಸುವವರು ಚಿಕಿತ್ಸಕನಿಗೆ ಎಷ್ಟು ಶಕ್ತಿಯಿದೆ ಎಂದು ವಿಚಾರಿಸುವ ಬದಲು, ತಮ್ಮ ಕಾಯಿಲೆಯನ್ನು ಸಮ್ಮೋಹನವಿಲ್ಲದೆಯೂ ನೋಡಿಕೊಳ್ಳುವ ಶಿಕ್ಷಣ ಮತ್ತು ನೋಂದಣಿ ಅವನಿಗಿದೆಯೇ ಎಂದು ವಿಚಾರಿಸಬೇಕು. ಇಲ್ಲವೆಂದಾದರೆ ಸಮ್ಮೋಹನಕ್ಕಾಗಿಯೂ ಅವನ ಬಳಿ ಹೋಗಬಾರದು.